ಸಾವಿರದ ಗೆರೆ: ಮ್ಯೂನಿಕ್‌ನಿಂದ ಟಿಟ್ವಾಳಾ ಲೋಕಲ್‌ವರೆಗೆ

ಹೋದ ಮಳೆಗಾಲದಲ್ಲಿ ಅವ್ವ ಧಾರವಾಡದಿಂದ ಟಿಟ್ವಾಳಾಕ್ಕೆ ಬಂದಿದ್ದಳು. ಮೊದಲ ದಿನ ಬೆಳಗ್ಗೆ ಎದ್ದವಳೇ, "ಏನೋ ತಮ್ಮಾ, ನಿಮ್ಮ ಖೋಲ್ಯಾಗ ಗಾಳೀನ ಆಡವಲ್ದು, ತಲಿ ಜಡ ಆಗೇತಿ" ಅಂದಳು. "ರಾತ್ರಿಯೆಲ್ಲಾ ಎಸಿ ಇತ್ತಲ್ಲವ್ವಾ" ಅಂದೆ. ಎಂಟೆಕ್ ಮಾಡಿದವನ ಉತ್ತರ ಅದು, ಆದರೆ ತಪ್ಪು. ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರೋದೇ ಇಲ್ಲ. ಕೋಣೆಯ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ, ವಾಪಸ್ ಬಿಡುತ್ತೆ. ಗೋಡೆ ದಾಟಿ ಹೊರಗೆ ಹೋಗೋದು ಶಾಖ ಮಾತ್ರ.

ಅದೇ ವಾರ ಒಂದು ಕಾರ್ಬನ್ ಡೈಆಕ್ಸೈಡ್ ಮೀಟರ್ ತರಿಸಿದೆ. ಅಗ್ಗದ್ದು. ದೇವರ ಮುಂದೆ ಊದುಬತ್ತಿ ಹಚ್ಚಿದ ತಕ್ಷಣ ಅದರ ಅಂಕಿ ಚಿಮ್ಮಿತು. ಅದು ಹೊಗೆ, ವಾಸನೆಯ ಅನಿಲಗಳನ್ನು ಅಳೆದು, "ಕಾರ್ಬನ್ ಡೈಆಕ್ಸೈಡ್ ಇಷ್ಟಿರಬಹುದು" ಅಂತ ಅಂದಾಜು ಹೇಳುವ ಜಾತಿಯದು. ವಾಪಸ್ ಕಳಿಸಿ, ಅವಗೆಂಪು ಬೆಳಕಿನಿಂದ ನಿಜವಾಗಿ ಅಳೆಯುವ ಇನ್ನೊಂದನ್ನು ತಂದೆ. ಬೆಳಗಿನ ಜಾವ ಐದಕ್ಕೆ ನಮ್ಮ ಮಲಗುವ ಕೋಣೆಯಲ್ಲಿ ಎರಡು ಸಾವಿರ ದಾಟಿತ್ತು. ಸಾವಿರದ ಹತ್ತಿರ ಹಳದಿ, ಅದರಾಚೆ ಕೆಂಪು. ಈ ಸಾವಿರ ಅನ್ನೋದು ಎಲ್ಲಿಂದ ಬಂತು? ಇವತ್ತಿನ ಮಾತು ಅದರ ಮೇಲೆ.

ಲೆಕ್ಕ ಮೊದಲು ನೋಡಿಬಿಡಿ. ಹತ್ತಕ್ಕೆ ಹನ್ನೆರಡು ಅಡಿ ಕೋಣೆ, ಒಂಬತ್ತಡಿ ಎತ್ತರ, ಅಂದ್ರೆ ಸುಮಾರು 30,000 ಲೀಟರ್ ಗಾಳಿ. ಮಲಗಿದ ಮೂರು ಜನ ಸೇರಿ ಗಂಟೆಗೆ ಹತ್ತಿರ ಹತ್ತಿರ 40 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡ್ತಾರೆ. ಕೋಣೆ ಪೂರ್ತಿ ಮುಚ್ಚಿದ್ದರೆ ಗಂಟೆಗೆ 1,300 ಪಿಪಿಎಂ ಏರಿಕೆ. ಹೊರಗೇ ಈಗ 425 ಇರೋದರಿಂದ, ಅರ್ಧ ಗಂಟೆಯೊಳಗೆ ಸಾವಿರ ದಾಟುತ್ತೆ. ಬಾಗಿಲ ಸಂದಿ, ಬಚ್ಚಲಿನ ಜಾಲರಿ ಇರೋದಕ್ಕೇ ಬೆಳಗ್ಗೆ ಎರಡು ಸಾವಿರದ ಆಸುಪಾಸಿನಲ್ಲಿ ನಿಂತಿತ್ತು.

ಆ ಗೆರೆ ಎಳೆದವರು ಮ್ಯೂನಿಕ್‌ನ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್, 1858ರಲ್ಲಿ. ಶಾಲೆಯಲ್ಲಿ ಸುಣ್ಣದ ತಿಳಿನೀರಿಗೆ ಊದಿ ಹಾಲಿನ ಹಾಗೆ ಮಾಡಿದ್ದು ನೆನಪಿದೆಯಾ? ಅವರ ವಿಧಾನವೂ ಅದರ ಅಣ್ಣನೇ. ದೊಡ್ಡ ಗಾಜಿನ ಬಾಟಲಿಯಲ್ಲಿ ಕೋಣೆಯ ಗಾಳಿ ಹಿಡಿದು, ಅಳತೆಯ ಬೇರಿಯಂ ಹೈಡ್ರಾಕ್ಸೈಡ್ ನೀರು ಹಾಕಿ ಕುಲುಕೋದು, ಎಷ್ಟು ಖರ್ಚಾಯಿತು ಅಂತ ಆಕ್ಸಾಲಿಕ್ ಆಮ್ಲ ಹನಿಸಿ ತಿಳಿಯೋದು. ಜನ ತುಂಬಿದ ಕೋಣೆಗಳಲ್ಲಿ ಹೀಗೆ ಅಳೆದು, ಗಾಳಿ ಮುಗ್ಗಲು ಅನ್ನಿಸೋಕೆ ಶುರುವಾಗೋದು ಎಲ್ಲಿ ಅಂತ ನೋಡಿ, ಸಾವಿರಕ್ಕೆ ಒಂದು ಪಾಲು ಅಂದರು. ನಮ್ಮ ಭಾಷೆಯಲ್ಲಿ 1,000 ಪಿಪಿಎಂ.

ಇಲ್ಲೊಂದು ವಿಷಯ ಬಹಳ ಜನ ತಪ್ಪು ತಿಳೀತಾರೆ. ಆ ಮಟ್ಟದಲ್ಲಿ ಈ ಅನಿಲ ವಿಷ ಅಂತ ಅವರು ಹೇಳಲಿಲ್ಲ. ಮನುಷ್ಯರ ಮೈಯಿಂದ, ಉಸಿರಿನಿಂದ ಬರೋ ಬೇರೆಲ್ಲದಕ್ಕೂ ಅದು ಗುರುತು ಅಂದರು. ಎಂಜಿನಿಯರ್‌ಗಳಿಗೆ ಹೇಳೋದಾದರೆ ಪ್ರಾಕ್ಸಿ ಮೆಟ್ರಿಕ್. ನೀವು ಒಳಗೆ ಎಳೆಯೋ ಗಾಳಿಯಲ್ಲಿ ಎಷ್ಟು ಪಾಲು ಆಗಲೇ ಇನ್ನೊಬ್ಬರ ಶ್ವಾಸಕೋಶದೊಳಗೆ ಹೋಗಿ ಬಂದದ್ದು ಅನ್ನೋದರ ಲೆಕ್ಕ.

ತಮಾಷೆ ಅಂದ್ರೆ, ಅದೇ ಪೆಟೆನ್‌ಕೋಫರ್ ರೋಗಾಣು ಒಂದರಿಂದಲೇ ಕಾಲರಾ ಬರುತ್ತೆ ಅನ್ನೋದನ್ನು ಒಪ್ಪಲಿಲ್ಲ. 1892ರಲ್ಲಿ ಕಾಲರಾ ಬ್ಯಾಕ್ಟೀರಿಯಾ ಇದ್ದ ದ್ರವವನ್ನು ತಾವೇ ಕುಡಿದು ತೋರಿಸಿದರು. ಬದುಕುಳಿದರು, ಆದರೆ ವಾದ ತಪ್ಪಾಗಿತ್ತು.

ತಪ್ಪು ಸಿದ್ಧಾಂತದಿಂದ ಒಳ್ಳೆ ಕಿಟಕಿ ಹುಟ್ಟಿದ್ದು ನಮ್ಮಲ್ಲೂ ಇದೆ. 1896ರಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಪ್ಲೇಗ್ ಬಂತು, ಮೊದಲು ಗುರುತಿಸಿದವರು ಡಾಕ್ಟರ್ ಅಕಾಸಿಯೊ ವೀಗಾಸ್. ಪ್ಲೇಗ್ ಹರಡಿದ್ದು ಮುಖ್ಯವಾಗಿ ಇಲಿಯ ಚಿಗಟದಿಂದ. ಅಧಿಕಾರಿಗಳು ಬೈದದ್ದು ಕತ್ತಲನ್ನ, ಕೊಳೆತ ಗಾಳಿಯನ್ನ. ಚಾಳುಗಳ ಹೆಂಚು ತೆಗೆಸಿ ಬೆಳಕು ಬಿಟ್ಟರು, ವಾಸಕ್ಕೆ ಯೋಗ್ಯವಲ್ಲ ಅಂತ ಮನೆಗಳಿಗೆ ಗುರುತು ಹಾಕಿದರು. ಬಡವರ ಮನೆಗೇ ಗುರುತು, ಬಾಡಿಗೆ ತಗೊಂಡವರಿಗಲ್ಲ, ಇದನ್ನೂ ಹೇಳಬೇಕು. 1898ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಆಯಿತು. ನಮ್ಮವರು ಆಮೇಲೆ ಹೋಟೆಲು, ಸಂಘ ಕಟ್ಟಿಕೊಂಡ ಮಾಟುಂಗಾದ ಅಗಲ ರಸ್ತೆಗಳು ಅದರ ಯೋಜನೆಯೇ. ಅದೇ 1898ರಲ್ಲಿ ಬೆಂಗಳೂರಿಗೂ ಪ್ಲೇಗ್ ಬಂತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು ಆ ಹೆದರಿಕೆಯಲ್ಲಿ. ಇಲಿಯ ವಿಷಯದಲ್ಲಿ ತಪ್ಪಿದರೂ, ಗಾಳಿಯಲ್ಲೇ ಹರಡೋ ಕ್ಷಯದ ವಿಷಯದಲ್ಲಿ ಆ ಕಿಟಕಿಗಳು ಸರಿಯಾಗಿದ್ದವು.

ಇಷ್ಟಾದ ಮೇಲೆ 1905ರಲ್ಲಿ ಜರ್ಮನಿಯಲ್ಲಿ ಕಾರ್ಲ್ ಫ್ಲ್ಯೂಗೆ ಅವರ ಪ್ರಯೋಗಶಾಲೆಯವರು ಒಂದು ಪರೀಕ್ಷೆ ಮಾಡಿದರು, ನನಗೆ ಬಹಳ ಇಷ್ಟದ್ದು. ಜನರನ್ನು ಮುಚ್ಚಿದ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿದರು. ಒಳಗೆ ಸೆಖೆ, ತೇವ, ಚಡಪಡಿಕೆ. ನಳಿಗೆಯಿಂದ ಹೊರಗಿನ ಶುದ್ಧ ಗಾಳಿ ಉಸಿರಾಡಿಸಿದರೂ ಅವರಿಗೆ ಸಮಾಧಾನ ಆಗಲಿಲ್ಲ. ಹೊರಗೆ ನಿಂತವರಿಗೆ ನಳಿಗೆಯಿಂದ ಒಳಗಿನ ಕೆಟ್ಟ ಗಾಳಿ ಕೊಟ್ಟರೆ ಏನೂ ಅನ್ನಿಸಲಿಲ್ಲ! ಒಳಗೆ ಫ್ಯಾನ್ ತಿರುಗಿಸಿದರೆ ಸಾಕು, ಹಾಯ್ ಅನ್ನಿಸಿತು. ಅಂದ್ರೆ ಉಸಿರು ಕಟ್ಟಿದ ಹಾಗಾಗೋದು ಹೆಚ್ಚಾಗಿ ಮೈಯ ಶಾಖ ಹೊರಗೆ ಹೋಗದೇ ಇದ್ದಾಗ. ಅದಕ್ಕೇ ಎಸಿ ಕೋಣೆ ನಮ್ಮನ್ನು ಚೆನ್ನಾಗಿ ಮೋಸ ಮಾಡುತ್ತೆ. ಮೈಗೆ ಹಿತ, ಗಾಳಿ ಮಾತ್ರ ಹಳೇದು. ಅವ್ವ ಮೋಸ ಹೋಗಲಿಲ್ಲ, ಅಷ್ಟೇ.

ಆಫೀಸಿನವರಿಗೆ ಒಂದು ಮಾತು. ಅಮೆರಿಕದ ಆಶ್ರೇ ಸಂಸ್ಥೆಯ ಮಾನದಂಡ, ಎಣ್ಣೆ ಬಿಕ್ಕಟ್ಟಿನ ನಂತರ 1981ರಲ್ಲಿ ಧೂಮಪಾನ ಇಲ್ಲದ ಆಫೀಸಿಗೆ ಒಬ್ಬರಿಗೆ ನಿಮಿಷಕ್ಕೆ ಬರೀ 5 ಘನ ಅಡಿ ಹೊರಗಾಳಿ ಸಾಕು ಅಂತ ಇಳಿಸಿತ್ತು. 1989ರಲ್ಲಿ ಕನಿಷ್ಠ 15ಕ್ಕೆ ಏರಿಸಿತು. ಹದಿನೈದು ಘನ ಅಡಿ ಅಂದ್ರೆ ಸೆಕೆಂಡಿಗೆ 7 ಲೀಟರ್. ಕೂತು ಕೆಲಸ ಮಾಡೋರಿಗೆ ಅಷ್ಟು ಕೊಟ್ಟರೆ ಒಳಗಿನ ಅಂಕಿ ಹೊರಗಿಗಿಂತ 700ರಷ್ಟು ಮೇಲೆ ನಿಲ್ಲುತ್ತೆ. ಆದರೆ ಪೆಟೆನ್‌ಕೋಫರ್ ಕಾಲದಲ್ಲಿ ಹೊರಗಿದ್ದದ್ದು 285ರ ಸುಮಾರು. ಸರಿಯಾಗಿ ನೂರು ವರ್ಷದ ಮೇಲೆ, 1958ರಲ್ಲಿ, ಚಾರ್ಲ್ಸ್ ಕೀಲಿಂಗ್ ಹವಾಯಿಯ ಬೆಟ್ಟದ ಮೇಲೆ ಅಳೆಯೋಕೆ ಶುರು ಮಾಡಿದಾಗ 315 ಇತ್ತು. ಈಗ 425. ನೆಲವೇ ಮೇಲೆ ಬಂದಿದೆ. ಇವತ್ತು ಒಳಗೆ ಸಾವಿರದಲ್ಲಿ ನಿಲ್ಲಿಸಬೇಕಾದರೆ ತಲೆಗೆ 7 ಅಲ್ಲ, 9 ಲೀಟರಿನ ಹತ್ತಿರ ಬೇಕು.

ಈಗ ನಮ್ಮ ಲೈನಿಗೆ ಬರೋಣ. ಟಿಟ್ವಾಳಾದಲ್ಲಿ ಹತ್ತಿ, ಥಾಣೆಯಲ್ಲಿ ಇಳಿದು ಐರೋಲಿ ಗಾಡಿ ಹಿಡಿಯೋರಿಗೆ ಇದು ದಿನದ ಮಾತು. ಪೀಕ್ ಅವರ್‌ನಲ್ಲಿ ಲೋಕಲಿನ ಒಂದು ಚದರ ಮೀಟರಿನಲ್ಲಿ 14ರಿಂದ 16 ಜನ ನಿಲ್ತಾರೆ. ಇದಕ್ಕೆ ರೈಲ್ವೆಯವರೇ ಇಟ್ಟ ಹೆಸರು ಸೂಪರ್ ಡೆನ್ಸ್ ಕ್ರಶ್ ಲೋಡ್. ಒಂದು ಡಬ್ಬಿಯಲ್ಲಿ 300 ಜನ, ಉಳಿದ ಗಾಳಿ 160 ಘನ ಮೀಟರ್ ಅಂತ ಇಟ್ಟುಕೊಳ್ಳಿ. ಇದು ನನ್ನ ಒರಟು ಲೆಕ್ಕ. ನಿಮಿಷಕ್ಕೆ 90 ಲೀಟರ್ ಕಾರ್ಬನ್ ಡೈಆಕ್ಸೈಡ್. ಬಾಗಿಲು, ಕಿಟಕಿ ಎಲ್ಲಾ ಮುಚ್ಚಿ ಗಾಳಿ ನಿಲ್ಲಿಸಿದರೆ ನಿಮಿಷಕ್ಕೆ 560 ಪಿಪಿಎಂ ಏರುತ್ತೆ. ಶಹಾಡ್ ಬರೋದರೊಳಗೆ ಮೀಟರ್ ಕೆಂಪು. ಸಾವಿರದ ಗೆರೆ ಕಾಯಬೇಕಾದರೆ ಡಬ್ಬಿಯ ಅಷ್ಟೂ ಗಾಳಿ ನಿಮಿಷಕ್ಕೊಮ್ಮೆ ಬದಲಾಗಬೇಕು.

ಇದುವರೆಗೆ ಆ ಕೆಲಸ ಮಾಡಿದ್ದು ತೆರೆದ ಬಾಗಿಲು. 2007ರಲ್ಲಿ ಬಂದ ಬಿಳಿ-ನೇರಳೆ ರೇಕುಗಳಿಗೆ ಚಾವಣಿಯಿಂದ ಗಾಳಿ ನುಗ್ಗಿಸೋ ವ್ಯವಸ್ಥೆ ಇಟ್ಟರು. ಗರ್ದಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಸೋದಕ್ಕೆ ಅಂತಲೇ. ಎಸಿ ಲೋಕಲ್ 2017ರ ಡಿಸೆಂಬರ್ 25ಕ್ಕೆ ಪಶ್ಚಿಮ ರೈಲ್ವೆಯಲ್ಲಿ ಶುರುವಾಯಿತು. ಅದರ ಟಿಕೆಟ್ ಎಲ್ಲರಿಗೂ ಎಟುಕಲ್ಲ.

2025ರ ಜೂನ್ 9ರ ಬೆಳಗ್ಗೆ ಮುಂಬ್ರಾ ಹತ್ತಿರದ ತಿರುವಿನಲ್ಲಿ, ಎದುರುಬದುರು ಹಾದುಹೋದ ಎರಡು ಲೋಕಲ್‌ಗಳ ಬಾಗಿಲಲ್ಲಿ ನೇತಾಡುತ್ತಿದ್ದವರು ಹಳಿಗೆ ಬಿದ್ದರು. ಕನಿಷ್ಠ ನಾಲ್ವರು ಸತ್ತರು. ನಾನು ದಿನಾ ಹೋಗೋ ದಾರಿ, ದಿನಾ ಹೋಗೋ ಹೊತ್ತು. ಅದರ ಬೆನ್ನಲ್ಲೇ ರೈಲ್ವೆ ಸಚಿವಾಲಯ, ಎಸಿ ಇಲ್ಲದ ಲೋಕಲ್‌ಗೂ ತಾನೇ ಮುಚ್ಚಿಕೊಳ್ಳೋ ಬಾಗಿಲು ತರ್ತೀವಿ ಅಂದಿತು. ಬಾಗಿಲು ಮುಚ್ಚಿದರೆ ಉಸಿರು ಕಟ್ಟುತ್ತೆ ಅನ್ನೋದೇ ಮುಖ್ಯ ತೊಡಕು ಅಂತ ಅವರೇ ಹೇಳಿ, ಮೂರು ಉಪಾಯ ಕೊಟ್ಟರು. ಬಾಗಿಲಿಗೆ ಜಾಲರಿಯಂಥ ಪಟ್ಟಿಗಳು, ಚಾವಣಿಯ ಮೇಲೆ ಹೊಸ ಗಾಳಿ ಪಂಪ್ ಮಾಡೋ ಯಂತ್ರ, ಡಬ್ಬಿಯಿಂದ ಡಬ್ಬಿಗೆ ಹೋಗೋ ದಾರಿ.

ನನಗೆ ಬಾಗಿಲು ಬೇಕು. ಪಿಪಿಎಂ ಏರಿದರೆ ತಲೆ ಜಡ, ಒಬ್ಬರ ಕೆಮ್ಮು ಹತ್ತು ಜನಕ್ಕೆ. ಬಾಗಿಲಿಲ್ಲದಿದ್ದರೆ ಜೀವವೇ ಹೋಗುತ್ತೆ, ಇದರಲ್ಲಿ ತೂಗಿ ನೋಡೋದೇನಿಲ್ಲ. ಆದರೆ ಚಾವಣಿಯ ಯಂತ್ರ ಕೆಟ್ಟು ನಿಂತ ದಿನ, ಸಿಗ್ನಲ್ ಸಿಗದೆ ಗಾಡಿ ದಾರಿಯಲ್ಲೇ ಹತ್ತು ನಿಮಿಷ ನಿಂತರೆ? ಮೇಲಿನ ಲೆಕ್ಕ ಹತ್ತರಿಂದ ಗುಣಿಸಿ. ಆಗ ಬಾಗಿಲು ತೆರೆಯೋದು ಯಾರ ಕೈಯಲ್ಲಿ, ಎಷ್ಟು ಅಂಕಿಗೆ? ಪ್ರತಿ ಡಬ್ಬಿಗೆ ಒಂದು ಸೆನ್ಸರ್, ಮೋಟರ್‌ಮನ್ ಎದುರು ಒಂದು ದೀಪ, ಕೇಳೋದು ಇಷ್ಟೇ. ಸೆನ್ಸರ್‌ನಲ್ಲೂ ಒಂದು ಬಲೆ ಇದೆ. ಬಹಳಷ್ಟು ಮೀಟರ್‌ಗಳು ವಾರದಲ್ಲಿ ಕಂಡ ಅತಿ ಕಡಿಮೆ ಅಂಕಿಯನ್ನೇ "ಇದು ಹೊರಗಾಳಿ, 400" ಅಂತ ತಾವೇ ತಿದ್ದಿಕೊಳ್ತವೆ. ಯಾವತ್ತೂ ಕಿಟಕಿ ತೆಗೆಯದ ಮನೆಯಲ್ಲಿ ಅದು ನಿಧಾನಕ್ಕೆ ಸುಳ್ಳು ಹೇಳೋಕೆ ಶುರು ಮಾಡುತ್ತೆ. ರೈಲಿಗೆ ಆ ಸಮಸ್ಯೆ ಇಲ್ಲ, ರಾತ್ರಿ ಖಾಲಿ ನಿಲ್ಲುತ್ತಲ್ಲ.

ನಮ್ಮ ಮನೆಯಲ್ಲಿ ಈಗ ಎಸಿ ಇದ್ದರೂ ಕಿಟಕಿ ಎರಡು ಬೆರಳು ತೆರೆದಿರುತ್ತೆ, ಸೊಳ್ಳೆ ಜಾಲರಿ ಹಾಕಿಸಿದ್ದೀನಿ. ಕರೆಂಟ್ ಬಿಲ್ ಸ್ವಲ್ಪ ಏರಿದೆ. ಬೆಳಗ್ಗೆ ಮೀಟರ್ 900ರ ಹತ್ತಿರ. ಮುಚ್ಚೋ ಬಾಗಿಲಿನ ಗಾಡಿ ಟಿಟ್ವಾಳಾ ಪ್ಲಾಟ್‌ಫಾರ್ಮಿಗೆ ಬಂದ ದಿನ ಅದನ್ನು ಬ್ಯಾಗಿನ ಹೊರಜೇಬಿನಲ್ಲಿ ಇಟ್ಟುಕೊಂಡು ಹತ್ತುತ್ತೀನಿ. ಓದಿದ ಅಂಕಿಯನ್ನು ಇಲ್ಲೇ ಹಾಕ್ತೀನಿ.