ಜಿ. ಆರ್. ಗೋಪಿನಾಥ್

ಕ್ಯಾಪ್ಟನ್ ಗೊರೂರು ರಾಮಸ್ವಾಮಿ ಅಯ್ಯಂಗಾರ್ ಗೋಪಿನಾಥ್ (ಜನನ: ನವೆಂಬರ್ 13, 1951) ಭಾರತೀಯ ಭೂಸೇನೆಯ ನಿವೃತ್ತ ಅಧಿಕಾರಿ, ಕೃಷಿಕ, ಉದ್ಯಮಿ ಮತ್ತು ಲೇಖಕ. ಭಾರತದ ಮೊದಲ ಅಗ್ಗದ ದರದ ವಿಮಾನಯಾನ ಸಂಸ್ಥೆಯಾದ ಏರ್ ಡೆಕ್ಕನ್‌ನ ಸ್ಥಾಪಕರೆಂದು ಅವರು ಪ್ರಸಿದ್ಧರು. ದೊಡ್ಡ ನಗರಗಳ ನಡುವೆ ಮಾತ್ರ ಸಂಚರಿಸುತ್ತಿದ್ದ ವಿಮಾನವನ್ನು ಹುಬ್ಬಳ್ಳಿಯಂತಹ ಎರಡನೆಯ ಸ್ತರದ ಊರುಗಳಿಗೆ ಅವರ ಸಂಸ್ಥೆ ತಂದಿತು. ಸಂಸ್ಥೆಯು ಐದು ವರ್ಷಗಳೊಳಗೆ ಅವರ ಕೈತಪ್ಪಿದರೂ ಅದು ಆರಂಭಿಸಿದ ಪದ್ಧತಿ ಭಾರತದ ವಿಮಾನಯಾನದಲ್ಲಿ ಉಳಿದುಕೊಂಡಿತು.

ಬಾಲ್ಯ ಮತ್ತು ಶಿಕ್ಷಣ

ಗೋಪಿನಾಥ್ ಮಂಡ್ಯ ಜಿಲ್ಲೆಯ ಮೇಲುಕೋಟೆಯಲ್ಲಿ ಜನಿಸಿದರು. ಎಂಟು ಮಂದಿ ಮಕ್ಕಳಲ್ಲಿ ಅವರು ಎರಡನೆಯವರು. ಬೆಳೆದದ್ದು ಹಾಸನ ಜಿಲ್ಲೆಯ ಹೇಮಾವತಿ ನದಿ ದಡದ ಗೊರೂರಿನಲ್ಲಿ. ತಂದೆ ಶಾಲಾ ಶಿಕ್ಷಕರೂ ಕೃಷಿಕರೂ ಆಗಿದ್ದರು. ಶಾಲೆಯ ಕಟ್ಟುಪಾಡು ಎಳೆಯ ಮಕ್ಕಳಿಗೆ ಹಿತವಲ್ಲವೆಂಬುದು ಅವರ ಅಭಿಪ್ರಾಯವಾಗಿದ್ದುದರಿಂದ ಮಗನಿಗೆ ಮೊದಲ ಕೆಲವು ವರ್ಷ ಮನೆಯಲ್ಲಿಯೇ ಪಾಠವಾಯಿತು. ಗೋಪಿನಾಥ್ ನೇರವಾಗಿ ಐದನೆಯ ತರಗತಿಗೆ ಕನ್ನಡ ಶಾಲೆಯನ್ನು ಸೇರಿದರು.

ಅಲ್ಲಿಂದ ಅವರು ವಿಜಯಪುರದ (ಆಗಿನ ಬಿಜಾಪುರ) ಸೈನಿಕ ಶಾಲೆಗೆ ಆಯ್ಕೆಯಾದರು. ಪ್ರವೇಶ ಪರೀಕ್ಷೆಯ ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿದ್ದ ಕಾರಣ ಮೊದಲ ಸಲ ಉತ್ತರಿಸಲಾಗಲಿಲ್ಲವೆಂದೂ, ಮತ್ತೆ ಕನ್ನಡದಲ್ಲಿ ಬರೆಯಲು ಅವಕಾಶ ದೊರೆತಾಗ ತೇರ್ಗಡೆಯಾದರೆಂದೂ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. 1963ರಲ್ಲಿ ಆರಂಭವಾದ ಈ ಶಾಲೆಯ ಮೊದಲ ವರ್ಷಗಳ ವಿದ್ಯಾರ್ಥಿಗಳಲ್ಲಿ ಅವರೂ ಒಬ್ಬರು. ಕಾವೇರಿ ಸೀಮೆಯ ಹಳ್ಳಿಯ ಹುಡುಗನಿಗೆ ಉತ್ತರ ಕರ್ನಾಟಕದ ಎರೆಭೂಮಿ ಪರಿಚಯವಾದದ್ದು ಹೀಗೆ.

ಸೇನಾ ಜೀವನ

ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಮತ್ತು ಡೆಹ್ರಾಡೂನ್‌ನ ಭಾರತೀಯ ಸೇನಾ ಅಕಾಡೆಮಿಗಳಲ್ಲಿ ತರಬೇತಿ ಪಡೆದ ಗೋಪಿನಾಥ್ ಭೂಸೇನೆಯ ಅಧಿಕಾರಿಯಾದರು. 1971ರ ಬಾಂಗ್ಲಾದೇಶ ವಿಮೋಚನಾ ಯುದ್ಧದಲ್ಲಿ ಪಾಲ್ಗೊಂಡರು. ಸುಮಾರು ಎಂಟು ವರ್ಷಗಳ ಸೇವೆಯ ನಂತರ, ಇನ್ನೂ ಮೂವತ್ತು ತುಂಬುವ ಮೊದಲೇ, ಕ್ಯಾಪ್ಟನ್ ದರ್ಜೆಯಲ್ಲಿರುವಾಗ ಸ್ವಇಚ್ಛೆಯಿಂದ ನಿವೃತ್ತರಾದರು. ಪಿಂಚಣಿಗೆ ಬೇಕಾಗುವಷ್ಟು ಸೇವಾವಧಿ ಆಗಿರಲಿಲ್ಲ. ಕೈಗೆ ಬಂದದ್ದು ಸಣ್ಣ ಮೊತ್ತದ ಉಪದಾನ ಮಾತ್ರ.

ಜಾವಗಲ್‌ನ ತೋಟ

ಗೊರೂರಿನ ಬಳಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಕುಟುಂಬದ ಪಿತ್ರಾರ್ಜಿತ ಜಮೀನು ಮುಳುಗಡೆಯಾಯಿತು. ಪರಿಹಾರವಾಗಿ ಸರ್ಕಾರ ಕೊಟ್ಟ ಭೂಮಿ ಅರಸೀಕೆರೆ ತಾಲೂಕಿನ ಜಾವಗಲ್ ಸಮೀಪದ್ದು. ಹೊಳೆಯ ದಂಡೆಯ ಗದ್ದೆಯನ್ನು ಕಳೆದುಕೊಂಡವರಿಗೆ ದೊರೆತದ್ದು ಮಳೆಯನ್ನೇ ನಂಬಬೇಕಾದ, ರಸ್ತೆಯಾಗಲಿ ವಿದ್ಯುತ್ತಾಗಲಿ ಇಲ್ಲದ ಬರಡು ನೆಲ. ಗೋಪಿನಾಥ್ ಅಲ್ಲಿ ಡೇರೆ ಹಾಕಿಕೊಂಡು ಬೇಸಾಯ ಆರಂಭಿಸಿದರು.

ಆರಂಭದ ವರ್ಷಗಳು ಸೋಲಿನವು. ತೆಂಗಿನ ಸಸಿಗಳಿಗೆ ನೀರು ಸಾಲದಾಯಿತು. ಬಾಳೆ, ಹೈನುಗಾರಿಕೆ, ಕೋಳಿ ಸಾಕಣೆ ಒಂದೊಂದಾಗಿ ಕೈಕೊಟ್ಟು ಸಾಲ ಬೆಳೆಯಿತು. ಕೊನೆಗೆ ಅವರು ರೇಷ್ಮೆ ಕೃಷಿಯತ್ತ ತಿರುಗಿದರು. ಹಿಪ್ಪುನೇರಳೆಗೆ ಕೀಟನಾಶಕ ಸಿಂಪಡಿಸಿದರೆ ಆ ಸೊಪ್ಪನ್ನು ತಿನ್ನುವ ರೇಷ್ಮೆಹುಳುವೂ ಸಾಯುತ್ತದೆ. ಸಿಂಪಡಿಸದಿದ್ದರೆ ಸೊಪ್ಪು ರೋಗಕ್ಕೆ ತುತ್ತಾಗುತ್ತದೆ. ಈ ಇಕ್ಕಟ್ಟಿನಿಂದ ಪಾರಾಗಲು ರಾಸಾಯನಿಕ ಗೊಬ್ಬರ ಮತ್ತು ಔಷಧಿಗಳನ್ನು ಕೈಬಿಟ್ಟು, ಮಿಶ್ರ ಬೆಳೆ, ಮುಚ್ಚಿಗೆ ಮತ್ತು ತೋಟದ ಸಹಜ ಜೀವಿಗಳನ್ನು ನೆಚ್ಚುವ ಕ್ರಮವನ್ನು ಅವರು ರೂಢಿಸಿಕೊಂಡರು. ಜಪಾನಿನ ಸಹಜ ಕೃಷಿಕ ಮಸನೊಬು ಫುಕುವೊಕಾ ಅವರ ವಿಚಾರಗಳ ಪ್ರಭಾವವನ್ನು ಗೋಪಿನಾಥ್ ಒಪ್ಪಿಕೊಂಡಿದ್ದಾರೆ. ಕಡಿಮೆ ಖರ್ಚಿನ ಈ ಪರಿಸರಸ್ನೇಹಿ ರೇಷ್ಮೆ ಕೃಷಿಗಾಗಿ 1996ರಲ್ಲಿ ಅವರಿಗೆ ರೋಲೆಕ್ಸ್ ಪ್ರಶಸ್ತಿ ದೊರೆಯಿತು. ಮುಂದೆ ವಿಮಾನಯಾನದಲ್ಲಿ ಕಾಣುವ ‘ಖರ್ಚನ್ನು ಕಡಿತಗೊಳಿಸಿದರೆ ಮಾತ್ರ ಉಳಿವು’ ಎಂಬ ಧೋರಣೆ ಮೊದಲು ರೂಪುಗೊಂಡದ್ದು ಈ ತೋಟದಲ್ಲಿ ಎನ್ನಬಹುದು.

ಇದೇ ಅವಧಿಯಲ್ಲಿ ಹಾಸನದಲ್ಲಿ ಮಲ್ನಾಡ್ ಮೊಬೈಕ್ಸ್ ಹೆಸರಿನ ಎನ್‌ಫೀಲ್ಡ್ ಮೋಟಾರ್ ಸೈಕಲ್ ಮಾರಾಟ ಮಳಿಗೆ ಮತ್ತು ಒಂದು ಹೋಟೆಲನ್ನು ನಡೆಸಿದರು. ಭಾರತೀಯ ಜನತಾ ಪಕ್ಷದ ಅಭ್ಯರ್ಥಿಯಾಗಿ ಗಂಡಸಿ ವಿಧಾನಸಭಾ ಕ್ಷೇತ್ರದಿಂದ ಸ್ಪರ್ಧಿಸಿ ಸೋತರು.

ಡೆಕ್ಕನ್ ಏವಿಯೇಷನ್

ಸೇನೆಯ ಗೆಳೆಯ, ಹೆಲಿಕಾಪ್ಟರ್ ಚಾಲಕರಾಗಿದ್ದ ಕ್ಯಾಪ್ಟನ್ ಕೆ. ಜೆ. ಸ್ಯಾಮ್ಯುಯೆಲ್ ಅವರೊಡಗೂಡಿ ಗೋಪಿನಾಥ್ 1990ರ ದಶಕದ ನಡುವಿನಲ್ಲಿ ಡೆಕ್ಕನ್ ಏವಿಯೇಷನ್ ಎಂಬ ಹೆಲಿಕಾಪ್ಟರ್ ಸಂಸ್ಥೆಯನ್ನು ಕಟ್ಟಿದರು. 1997ರಲ್ಲಿ ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದಿಂದ ಅದು ಕೆಲಸ ಆರಂಭಿಸಿತು. ಬಾಡಿಗೆ ಹೆಲಿಕಾಪ್ಟರ್ ಎಂಬ ಕಲ್ಪನೆಯೇ ಆಗ ಹೊಸದು. ಚುನಾವಣಾ ಪ್ರಚಾರ, ತೀರ್ಥಯಾತ್ರೆ, ಭೂಸಮೀಕ್ಷೆ, ತುರ್ತು ವೈದ್ಯಕೀಯ ಸಾಗಣೆ ಮೊದಲಾದ ಕೆಲಸಗಳಿಗೆ ಹೆಲಿಕಾಪ್ಟರುಗಳನ್ನು ಒದಗಿಸುತ್ತ ಸಂಸ್ಥೆ ಬೆಳೆಯಿತು. ನೆರೆಯ ಶ್ರೀಲಂಕಾಕ್ಕೂ ಚಟುವಟಿಕೆಯನ್ನು ವಿಸ್ತರಿಸಿತು.

ಏರ್ ಡೆಕ್ಕನ್

ಖಾಸಗಿ ಸಂಸ್ಥೆಗಳಿಗೆ ಭಾರತದ ಆಕಾಶ ಅಧಿಕೃತವಾಗಿ ತೆರೆದದ್ದು 1994ರಲ್ಲಿ. ಮೊದಲ ಅಲೆಯಲ್ಲಿ ಬಂದ ಈಸ್ಟ್-ವೆಸ್ಟ್, ದಮಾನಿಯಾ, ಮೋದಿಲುಫ್ಟ್ ಮೊದಲಾದವು ಕೆಲವೇ ವರ್ಷಗಳಲ್ಲಿ ಮುಚ್ಚಿದವು. 2003ರ ಹೊತ್ತಿಗೆ ದೇಶದೊಳಗಿನ ಮಾರುಕಟ್ಟೆಯ ಬಹುಪಾಲು ಇಂಡಿಯನ್ ಏರ್‌ಲೈನ್ಸ್, ಜೆಟ್ ಏರ್‌ವೇಸ್ ಮತ್ತು ಸಹಾರಾಗಳ ಕೈಯಲ್ಲಿತ್ತು. ಟಿಕೆಟ್ ದರ ಸಾಮಾನ್ಯ ನೌಕರನ ತಿಂಗಳ ಸಂಬಳವನ್ನು ಮುಟ್ಟುತ್ತಿದ್ದ ಕಾಲವದು.

2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಬೆಂಗಳೂರಿನಿಂದ ಹುಬ್ಬಳ್ಳಿ, ಮಂಗಳೂರುಗಳಂತಹ ಊರುಗಳಿಗೆ ಎಟಿಆರ್-42 ವಿಮಾನಗಳ ಮೂಲಕ ಸೇವೆ ಆರಂಭಿಸಿತು. ಪಂಖವುಳ್ಳ ಟರ್ಬೊಪ್ರಾಪ್ ವಿಮಾನಗಳ ಆಯ್ಕೆಗೆ ಗಟ್ಟಿಯಾದ ಕಾರಣಗಳಿದ್ದವು. ಐವತ್ತಕ್ಕಿಂತ ಕಡಿಮೆ ಆಸನಗಳ ಇಂತಹ ವಿಮಾನ ಚಿಕ್ಕ ರನ್‌ವೇಯಲ್ಲಿ ಇಳಿಯಬಲ್ಲದು, ಕಡಿಮೆ ಇಂಧನ ಸುಡುತ್ತದೆ. ವಿಮಾನ ಇಂಧನದ ಮೇಲೆ ಅನೇಕ ರಾಜ್ಯಗಳು ಶೇ. 20ಕ್ಕೂ ಮೀರಿ ಮಾರಾಟ ತೆರಿಗೆ ವಿಧಿಸುತ್ತಿದ್ದಾಗ ಸಣ್ಣ ಟರ್ಬೊಪ್ರಾಪ್‌ಗಳಿಗೆ ಅದು ಶೇ. 4 ಮಾತ್ರ ಇತ್ತು. 80ಕ್ಕಿಂತ ಕಡಿಮೆ ಆಸನದ ವಿಮಾನಗಳಿಗೆ ಇಳಿದಾಣ ಶುಲ್ಕದ ವಿನಾಯಿತಿಯೂ ಮುಂದೆ ದೊರೆಯಿತು.

ಉಳಿದ ಉಳಿತಾಯ ಒಳಗಿನಿಂದ ಬಂತು. ವಿಮಾನದಲ್ಲಿ ಉಚಿತ ಊಟವಿರಲಿಲ್ಲ, ನೀರಿಗೂ ತಿಂಡಿಗೂ ಹಣ ಕೊಡಬೇಕಿತ್ತು. ವಿಶೇಷ ದರ್ಜೆಯ ಆಸನಗಳಿರಲಿಲ್ಲ. ಟಿಕೆಟ್ಟನ್ನು ಅಂತರಜಾಲ ಹಾಗೂ ದೂರವಾಣಿ ಕೇಂದ್ರದ ಮೂಲಕ ಮಾರಲಾಯಿತು. ಕಂಪ್ಯೂಟರಾಗಲಿ ಕ್ರೆಡಿಟ್ ಕಾರ್ಡಾಗಲಿ ಇಲ್ಲದವರಿಗಾಗಿ ಪೆಟ್ರೋಲ್ ಬಂಕುಗಳಲ್ಲಿಯೂ ಲಭ್ಯಗೊಳಿಸಲಾಯಿತು. ಮೊದಲು ಕಾದಿರಿಸಿದವರಿಗೆ ಕಡಿಮೆ ದರ, ಕಡೆಯ ಗಳಿಗೆಯಲ್ಲಿ ಕೊಂಡವರಿಗೆ ಹೆಚ್ಚು ದರ ಎಂಬ, ಇಂದು ಎಲ್ಲರಿಗೂ ಪರಿಚಿತವಾದ ಏರಿಳಿಯುವ ಬೆಲೆಯ ಕ್ರಮವನ್ನು ಭಾರತದಲ್ಲಿ ಜನಪ್ರಿಯಗೊಳಿಸಿದ್ದು ಏರ್ ಡೆಕ್ಕನ್. ಕೆಲವು ಆಸನಗಳನ್ನು ಒಂದು ರೂಪಾಯಿಗೂ ಮಾರಿತು. ಒಂದು ರೂಪಾಯಿಯ ಆಸನಗಳು ಬೆರಳೆಣಿಕೆಯವು, ತೆರಿಗೆ ಮತ್ತು ಶುಲ್ಕ ಬೇರೆ. ಆದರೂ ಜಾಹೀರಾತಾಗಿ ಅದರ ಪರಿಣಾಮ ಅಗಾಧವಾಗಿತ್ತು. ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣ್ ಅವರ ‘ಕಾಮನ್ ಮ್ಯಾನ್’ ಸಂಸ್ಥೆಯ ಲಾಂಛನವಾದ.

ಆರಂಭ ನಿರ್ವಿಘ್ನವಾಗಿರಲಿಲ್ಲ. ಅದೇ ವರ್ಷ ಹೈದರಾಬಾದ್–ವಿಜಯವಾಡ ಮಾರ್ಗದ ಉದ್ಘಾಟನಾ ವಿಮಾನ ಹೊರಡುವ ಹೊತ್ತಿಗೆ, ಭಾರತೀಯ ಜನತಾ ಪಕ್ಷದ ಅಧ್ಯಕ್ಷರಾಗಿದ್ದ ಎಂ. ವೆಂಕಯ್ಯ ನಾಯ್ಡು ಸೇರಿದಂತೆ ಗಣ್ಯರು ಒಳಗಿರುವಾಗಲೇ, ಎಂಜಿನ್‌ನಲ್ಲಿ ಬೆಂಕಿ ಕಾಣಿಸಿಕೊಂಡಿತು. ಪ್ರಯಾಣಿಕರನ್ನು ಕೆಳಗಿಳಿಸಲಾಯಿತು. ಎಳೆಯ ಸಂಸ್ಥೆಯೊಂದನ್ನು ಅಲ್ಲಿಗೇ ಮುಗಿಸಬಹುದಾಗಿದ್ದ ಈ ಘಟನೆಯ ಬಳಿಕವೂ ಸೇವೆ ಮುಂದುವರಿಯಿತು. 2004ರಲ್ಲಿ ಏರ್‌ಬಸ್ ಎ-320 ವಿಮಾನಗಳು ಸೇರಿ ಬೆಂಗಳೂರು–ದೆಹಲಿಯಂತಹ ದೂರದ ಮಾರ್ಗಗಳು ತೆರೆದವು. ಉಚ್ಛ್ರಾಯದ ಕಾಲದಲ್ಲಿ ಸಂಸ್ಥೆಯ ಜಾಲ ಅರವತ್ತಕ್ಕೂ ಹೆಚ್ಚು ಊರುಗಳನ್ನು ಮುಟ್ಟಿತ್ತು.

ಹುಬ್ಬಳ್ಳಿ ಮತ್ತು ಅದರ ಹಿನ್ನಾಡು

ಹುಬ್ಬಳ್ಳಿಯ ವಿಮಾನ ನಿಲ್ದಾಣ ಆ ನಗರಕ್ಕಷ್ಟೇ ಸೀಮಿತವಲ್ಲ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಗದಗ ಜಿಲ್ಲೆಯ ಊರುಗಳಿಗೂ ಅದೇ ಹತ್ತಿರದ್ದು. ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಮೇಲಿರುವ ನರಗುಂದ ಹುಬ್ಬಳ್ಳಿಯಿಂದ ಸುಮಾರು 55 ಕಿ.ಮೀ. ದೂರದಲ್ಲಿದೆ. ಅದಕ್ಕೂ ಪೂರ್ವಕ್ಕಿರುವ ರೋಣ ಮತ್ತು ಆಗ ರೋಣ ತಾಲೂಕಿಗೇ ಸೇರಿದ್ದ ಗಜೇಂದ್ರಗಡದ ಜನರೂ ವಿಮಾನ ಹತ್ತಬೇಕಾದರೆ ಗದಗಿನ ಮೂಲಕ ಹುಬ್ಬಳ್ಳಿಗೆ ಬರಬೇಕು. ಈ ಭಾಗದವರಿಗೆ ಬೆಂಗಳೂರೆಂದರೆ ರಾತ್ರಿಯಿಡೀ ಬಸ್ಸಿನ ಅಥವಾ ರೈಲಿನ ಪ್ರಯಾಣ. ವೈದ್ಯಕೀಯ ತುರ್ತು, ನ್ಯಾಯಾಲಯದ ಕೆಲಸ, ಉದ್ಯೋಗದ ಸಂದರ್ಶನ ಎಲ್ಲಕ್ಕೂ ಅದೇ ದಾರಿ. ಬೆಂಗಳೂರು–ಹುಬ್ಬಳ್ಳಿ ವಿಮಾನ ಈ ಪ್ರಯಾಣವನ್ನು ಸುಮಾರು ಒಂದು ಗಂಟೆಗೆ ಇಳಿಸಿತು. ರೋಣ, ಗಜೇಂದ್ರಗಡಗಳಿಂದ ನಿಲ್ದಾಣಕ್ಕೆ ತಲುಪಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು ಎಂಬುದೂ ನಿಜ. ಚಿಕ್ಕ ಊರಿಗೆ ವಿಮಾನ ಬಂದರೂ ಅದರ ಪ್ರಯೋಜನ ರಸ್ತೆಯನ್ನು ಅವಲಂಬಿಸಿರುತ್ತದೆ. ಗಜೇಂದ್ರಗಡ ನಂತರ ಪ್ರತ್ಯೇಕ ತಾಲೂಕಾಯಿತು.

ನಷ್ಟ ಮತ್ತು ವಿಲೀನ

2005ರಲ್ಲಿ ಸ್ಪೈಸ್‌ಜೆಟ್, ಕಿಂಗ್‌ಫಿಷರ್ ಮತ್ತು ಗೋ ಏರ್, 2006ರಲ್ಲಿ ಇಂಡಿಗೊ ಮಾರುಕಟ್ಟೆಗೆ ಬಂದವು. ಎಲ್ಲರೂ ದರ ಇಳಿಸಿದ್ದರಿಂದ ಪ್ರಯಾಣಿಕರು ಹೆಚ್ಚಿದಷ್ಟೂ ನಷ್ಟವೂ ಹೆಚ್ಚಿತು. ಇಂಧನದ ಬೆಲೆ ಏರುತ್ತಿತ್ತು, ಚಾಲಕರ ಕೊರತೆಯಿಂದ ಸಂಬಳಗಳು ಏರಿದ್ದವು. ವೇಗವಾಗಿ ಬೆಳೆದ ಏರ್ ಡೆಕ್ಕನ್‌ನಲ್ಲಿ ವಿಳಂಬ ಮತ್ತು ರದ್ದತಿಯ ದೂರುಗಳು ಸಾಮಾನ್ಯವಾದವು. 2006ರಲ್ಲಿ ಷೇರು ಮಾರುಕಟ್ಟೆಯನ್ನು ಪ್ರವೇಶಿಸಿದರೂ ಬಂಡವಾಳ ಸಾಕಾಗಲಿಲ್ಲ.

2007ರಲ್ಲಿ ವಿಜಯ್ ಮಲ್ಯ ಅವರ ಯುಬಿ ಸಮೂಹ ಸಂಸ್ಥೆಯ ಶೇ. 26 ಪಾಲನ್ನು ಕೊಂಡಿತು. ಈ ಖರೀದಿಯ ಹಿಂದೆ ಒಂದು ನಿಯಮದ ಲೆಕ್ಕಾಚಾರವೂ ಇತ್ತು. ದೇಶದೊಳಗೆ ಐದು ವರ್ಷ ಸೇವೆ ನಡೆಸಿ ಇಪ್ಪತ್ತು ವಿಮಾನಗಳನ್ನು ಹೊಂದಿದ ಸಂಸ್ಥೆ ಮಾತ್ರ ವಿದೇಶಕ್ಕೆ ಹಾರಬಹುದೆಂಬುದು ಆಗಿನ ನಿಯಮ. 2005ರಲ್ಲಿ ಹುಟ್ಟಿದ ಕಿಂಗ್‌ಫಿಷರ್‌ಗೆ ಆ ಅರ್ಹತೆ ಬರಲು 2010ರವರೆಗೆ ಕಾಯಬೇಕಿತ್ತು. ಏರ್ ಡೆಕ್ಕನ್‌ಗೆ 2008ರಲ್ಲಿಯೇ ಐದು ವರ್ಷ ತುಂಬುತ್ತಿತ್ತು. 2008ರ ವಿಲೀನದಲ್ಲಿ ಕಾನೂನಿನ ದೃಷ್ಟಿಯಿಂದ ಉಳಿದದ್ದು ಡೆಕ್ಕನ್ ಏವಿಯೇಷನ್ ಕಂಪನಿಯೇ. ಅದರ ಹೆಸರನ್ನು ಕಿಂಗ್‌ಫಿಷರ್ ಏರ್‌ಲೈನ್ಸ್ ಎಂದು ಬದಲಾಯಿಸಲಾಯಿತು. ಅದೇ ಸೆಪ್ಟೆಂಬರ್‌ನಲ್ಲಿ ಬೆಂಗಳೂರು–ಲಂಡನ್ ವಿಮಾನ ಹಾರಿತು. ಏರ್ ಡೆಕ್ಕನ್ ಸೇವೆಗೆ ಮೊದಲು ‘ಸಿಂಪ್ಲಿಫ್ಲೈ ಡೆಕ್ಕನ್’, ಬಳಿಕ ‘ಕಿಂಗ್‌ಫಿಷರ್ ರೆಡ್’ ಎಂಬ ಹೆಸರಾಯಿತು. 2011ರಲ್ಲಿ ರೆಡ್ ಸೇವೆಯನ್ನು ಕೈಬಿಡುವುದಾಗಿ ಪ್ರಕಟಿಸಲಾಯಿತು. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್‌ನ ಹಾರಾಟವೇ ನಿಂತಿತು.

ನಂತರದ ಉದ್ಯಮಗಳು

2009ರಲ್ಲಿ ಗೋಪಿನಾಥ್ ಡೆಕ್ಕನ್ 360 ಎಂಬ ಸರಕು ಸಾಗಣೆ ಸಂಸ್ಥೆಯನ್ನು ಆರಂಭಿಸಿದರು. ದೇಶದ ನಡುಭಾಗದ ನಾಗಪುರವನ್ನು ಕೇಂದ್ರವಾಗಿಸಿ ರಾತ್ರಿ ವಿಮಾನಗಳಲ್ಲಿ ಸರಕು ಸಾಗಿಸುವ ಯೋಜನೆ ಅದಾಗಿತ್ತು. ಕೆಲವೇ ವರ್ಷಗಳಲ್ಲಿ ಅದು ಆರ್ಥಿಕ ಸಂಕಷ್ಟಕ್ಕೆ ಸಿಲುಕಿ ನಿಂತಿತು.

ಸಣ್ಣ ಊರುಗಳ ವಿಮಾನ ಸಂಪರ್ಕಕ್ಕಾಗಿ ಕೇಂದ್ರ ಸರ್ಕಾರ ‘ಉಡಾನ್’ ಯೋಜನೆಯನ್ನು ತಂದು, 2017ರ ಏಪ್ರಿಲ್‌ನಲ್ಲಿ ಅದರ ಮೊದಲ ವಿಮಾನ ಹಾರಿತು. ಸುಮಾರು ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿಯ ದರಮಿತಿ ಹಾಕಿ, ನಷ್ಟವನ್ನು ಸರ್ಕಾರ ತುಂಬಿಕೊಡುವ ಈ ಯೋಜನೆಯಡಿ ಏರ್ ಡೆಕ್ಕನ್ ಹೆಸರು ಮತ್ತೆ ಕಾಣಿಸಿಕೊಂಡಿತು. 2017ರ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಜಳಗಾಂವ್‌ನಂತಹ ಊರುಗಳಿಂದ ಪುಟ್ಟ ವಿಮಾನಗಳ ಸೇವೆ ಆರಂಭವಾಯಿತು. ಕೋವಿಡ್ ಪಿಡುಗಿನ ವೇಳೆ, 2020ರ ಏಪ್ರಿಲ್‌ನಲ್ಲಿ, ಅದೂ ಸ್ಥಗಿತಗೊಂಡಿತು. ಹುಬ್ಬಳ್ಳಿಯೂ ಉಡಾನ್ ಜಾಲಕ್ಕೆ ಸೇರಿತು, ಆದರೆ ಬೇರೆ ಸಂಸ್ಥೆಗಳ ವಿಮಾನಗಳೊಂದಿಗೆ.

ಸಾರ್ವಜನಿಕ ಜೀವನ

2009ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣ ಕ್ಷೇತ್ರದಿಂದ ಪಕ್ಷೇತರರಾಗಿ ಸ್ಪರ್ಧಿಸಿ ಸೋತರು. ಅಲ್ಲಿ ಅನಂತಕುಮಾರ್ ಗೆದ್ದರು. 2014ರಲ್ಲಿ ಆಮ್ ಆದ್ಮಿ ಪಕ್ಷವನ್ನು ಸೇರಿದ ಗೋಪಿನಾಥ್, ನಾಯಕತ್ವದ ಕಾರ್ಯವೈಖರಿಯನ್ನು ಟೀಕಿಸಿ ಅದೇ ವರ್ಷ ಹೊರಬಂದರು. ವಿಮಾನಯಾನ ನೀತಿ, ಕೃಷಿ ಮತ್ತು ರಾಜಕೀಯ ಕುರಿತು ಪತ್ರಿಕೆಗಳಿಗೆ ಬರೆಯುತ್ತಾರೆ. 2005ರಲ್ಲಿ ಕರ್ನಾಟಕ ರಾಜ್ಯೋತ್ಸವ ಪ್ರಶಸ್ತಿ, 2007ರಲ್ಲಿ ಫ್ರಾನ್ಸ್ ಸರ್ಕಾರದ ಶೆವಲಿಯೆ ಗೌರವ ಅವರಿಗೆ ಸಂದಿವೆ.

ಕೃತಿ ಮತ್ತು ಚಲನಚಿತ್ರ

ಗೋಪಿನಾಥ್ ಅವರ ಇಂಗ್ಲಿಷ್ ಆತ್ಮಕಥೆ ‘ಸಿಂಪ್ಲಿ ಫ್ಲೈ’. ಇದು ಕನ್ನಡದಲ್ಲಿ ‘ಬಾನಯಾನ’ ಎಂಬ ಹೆಸರಿನಲ್ಲಿ ಬಂದಿದೆ. ಪುಸ್ತಕದ ಗಣನೀಯ ಭಾಗ ವಿಮಾನದ್ದಲ್ಲ, ಜಾವಗಲ್‌ನ ಬೇಸಾಯದ್ದು.

ಈ ಆತ್ಮಕಥೆಯ ಘಟನೆಗಳನ್ನು ಆಧರಿಸಿ ಸುಧಾ ಕೊಂಗರ ನಿರ್ದೇಶಿಸಿದ ತಮಿಳು ಚಿತ್ರ ‘ಸೂರರೈ ಪೋಟ್ರು’ 2020ರಲ್ಲಿ ಬಿಡುಗಡೆಯಾಯಿತು. ಸೂರ್ಯ ನಾಯಕನಾಗಿ ನಟಿಸಿದ ಈ ಚಿತ್ರ ಅತ್ಯುತ್ತಮ ಕಥಾಚಿತ್ರ ಸೇರಿದಂತೆ ಐದು ರಾಷ್ಟ್ರೀಯ ಪ್ರಶಸ್ತಿಗಳನ್ನು ಪಡೆಯಿತು. ಅಕ್ಷಯ್ ಕುಮಾರ್ ನಟಿಸಿದ ಅದರ ಹಿಂದಿ ರೂಪ ‘ಸರ್ಫಿರಾ’ 2024ರಲ್ಲಿ ತೆರೆಕಂಡಿತು. ಚಿತ್ರದ ಕಥೆ ಮದುರೆ ಸೀಮೆಯಲ್ಲಿ ನಡೆಯುತ್ತದೆ, ನಾಯಕ ವಾಯುಪಡೆಯವನು. ಗೊರೂರು, ಜಾವಗಲ್, ಹೆಲಿಕಾಪ್ಟರ್ ಸಂಸ್ಥೆ ಯಾವುದೂ ಅದರಲ್ಲಿಲ್ಲ. ನಾಯಕನ ಹೆಂಡತಿ ಬೇಕರಿ ನಡೆಸುವ ಭಾಗಕ್ಕೆ ಮಾತ್ರ ನಿಜಜೀವನದ ಆಧಾರವಿದೆ: ಗೋಪಿನಾಥ್ ಅವರ ಪತ್ನಿ ಭಾರ್ಗವಿ ಬೆಂಗಳೂರಿನಲ್ಲಿ ಅಯ್ಯಂಗಾರ್ ಬೇಕರಿ ನಡೆಸಿದವರು.