ಎರಡು ಸಾಮ್ರಾಜ್ಯಗಳ ನಡುವೆ ಗಂಗವಾಡಿ

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿದ್ದ ಒಂದು ಶಾಸನಶಿಲೆ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬೇಟೆನಾಯಿಯೊಂದು ಕಾಡುಹಂದಿಯೊಡನೆ ಸೆಣಸುತ್ತಿರುವ ಚಿತ್ರ ಅದರ ಮೇಲಿದೆ. ನಾಯಿಯ ಹೆಸರು ಕಾಳಿ. ಹಂದಿಯನ್ನು ಕೊಂದು ತಾನೂ ಸತ್ತ ಆ ನಾಯಿಗಾಗಿ ಊರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟರು. ಈ ಕಥೆಯನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಅದೇ ಕಲ್ಲಿನಲ್ಲಿ ಒಂದು ಮಹಾಯುದ್ಧದ ವಾರ್ತೆಯೂ ಇದೆ. ನನ್ನ ಮಾತು ಅದನ್ನು ಕುರಿತದ್ದು.

ಹತ್ತನೆಯ ಶತಮಾನದಲ್ಲಿ ದಕ್ಷಿಣ ಭಾರತದ ಒಡೆತನಕ್ಕಾಗಿ ಹೋರಾಡಿದವರು ಮಳಖೇಡದ ರಾಷ್ಟ್ರಕೂಟರು ಮತ್ತು ತಂಜಾವೂರಿನ ಚೋಳರು. ಇವರಿಬ್ಬರ ನಡುವೆ ಸಿಕ್ಕಿದ್ದು ಗಂಗವಾಡಿ ತೊಂಬತ್ತಾರು ಸಾಸಿರ. ಅದರ ರಾಜಧಾನಿ ಕಾವೇರಿಯ ದಡದ ತಲಕಾಡು. ಎರಡು ಕೋಣಗಳ ಕಾಳಗದಲ್ಲಿ ನಡುವಣ ಗಿಡ ಹಾಳಾಗುತ್ತದೆಂಬ ಗಾದೆ ಇಲ್ಲಿ ಪೂರ್ತಿ ಹೊಂದುವುದಿಲ್ಲ. ಗಿಡಕ್ಕೆ ಪಕ್ಷವಿಲ್ಲ, ಗಂಗರಿಗಿತ್ತು.

ಪಕ್ಷ ಹಿಡಿಯದೆ ಸ್ವತಂತ್ರವಾಗಿ ಉಳಿಯುವ ಯತ್ನವನ್ನೂ ಅವರು ಹಿಂದೊಮ್ಮೆ ಮಾಡಿದ್ದರು. ಇಮ್ಮಡಿ ಶಿವಮಾರನನ್ನು ರಾಷ್ಟ್ರಕೂಟ ಧ್ರುವ ಸೆರೆಯಲ್ಲಿಟ್ಟ. ಮೂರನೆಯ ಗೋವಿಂದ ಬಿಡಿಸಿದ. ಶಿವಮಾರ ಮತ್ತೆ ತಿರುಗಿಬಿದ್ದ, ಮತ್ತೆ ಸೆರೆಯಾದ. ಈತ ಕನ್ನಡದಲ್ಲಿ 'ಗಜಾಷ್ಟಕ'ವನ್ನು ರಚಿಸಿದನೆಂದೂ ಅದು ಒನಕೆವಾಡಾಗಿ ಜನರ ಬಾಯಲ್ಲಿ ನಿಂತಿತೆಂದೂ ಶಾಸನವೊಂದು ಹೇಳುತ್ತದೆ. ಕೃತಿ ನಮಗೆ ದಕ್ಕಿಲ್ಲ. ಬಳಿಕ ಅಮೋಘವರ್ಷ ನೃಪತುಂಗನು ಯುದ್ಧದ ದಾರಿ ಬಿಟ್ಟು ಮಗಳನ್ನು ಗಂಗರಾಜಕುಮಾರನಿಗೆ ಕೊಟ್ಟ. ಸೆರೆಮನೆ ಸಾಧಿಸದುದನ್ನು ಬೀಗತನ ಸಾಧಿಸಿತು.

ಇಮ್ಮಡಿ ಬೂತುಗನ ಕಾಲಕ್ಕೆ ಈ ನಂಟು ಇನ್ನೂ ಬಿಗಿಯಾಯಿತು. ಅವನು ರಾಷ್ಟ್ರಕೂಟ ಮೂರನೆಯ ಕೃಷ್ಣನ ಅಕ್ಕ ರೇವಕನಿಮ್ಮಡಿಯ ಪತಿ. ರಾಚಮಲ್ಲನನ್ನು ಕೊಂದು ಅವನು ಗಂಗ ಸಿಂಹಾಸನವನ್ನೇರಿದ್ದು ಕೃಷ್ಣನ ಬೆಂಬಲದಿಂದ. ಅತ್ತ ಗಂಗವಂಶದ ಇನ್ನೊಂದು ಶಾಖೆಯ ಪೃಥ್ವೀಪತಿ ಚೋಳ ಪರಾಂತಕನನ್ನು ಸೇರಿ 'ಬಾಣಾಧಿರಾಜ'ನೆನಿಸಿಕೊಂಡಿದ್ದ. ದೊಡ್ಡವರ ವೈರ ಚಿಕ್ಕವರ ಗಡಿಯನ್ನಷ್ಟೇ ಅಲ್ಲ, ಮನೆಯನ್ನೂ ಸೀಳಿತ್ತು.

949ರಲ್ಲಿ ಅರಕ್ಕೋಣದ ಬಳಿಯ ತಕ್ಕೋಲದಲ್ಲಿ ಎರಡು ಸೈನ್ಯಗಳು ಕಾದಿದವು. ಆನೆಯ ಮೇಲಿದ್ದ ಚೋಳ ಯುವರಾಜ ರಾಜಾದಿತ್ಯ ಹತನಾದ. ಕೊಂದವನು ಬೂತುಗನೆಂದು ಆತಕೂರಿನ ಕಲ್ಲು ಹೇಳುತ್ತದೆ. ಅಲ್ಲಿಯ 'ಬಿಸುಗೆ' ಎಂಬ ಮಾತಿಗೆ ಅಂಬಾರಿಯೆಂದು ಅರ್ಥ. ಅದನ್ನು ಅಪ್ಪುಗೆಯೆಂದು ತಿಳಿದು ಬೂತುಗನಿಗೆ ವಂಚನೆಯ ಕಳಂಕ ಹಚ್ಚಿದ ವಿದ್ವಾಂಸರೂ ಇದ್ದರು. ಕೃಷ್ಣ ಮೆಚ್ಚಿ ಬನವಾಸಿ ಪನ್ನಿರ್ಚಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು ಮೊದಲಾದ ನಾಡುಗಳನ್ನು ಭಾವನಿಗೆ ಕೊಟ್ಟ. ಬೂತುಗನೂ ತನ್ನ ವೀರ ಮಣಲೆರನಿಗೆ ಬೇಡಿದ್ದನ್ನು ಕೊಡುವೆನೆಂದ. ಮಣಲೆರ ಕೇಳಿದ್ದು ಕಾಳಿಯೆಂಬ ನಾಯಿಯನ್ನು. ಅರಸ ಪಡೆದ ನಾಡುಗಳಿಗಿಂತ ಬಂಟ ಪಡೆದ ನಾಯಿಯೇ ಋಣವಿಲ್ಲದ ಉಡುಗೊರೆಯೆಂದು ನನಗೆ ತೋರುತ್ತದೆ.

ಆ ಋಣವನ್ನು ಬೂತುಗನ ಮಗ ಮಾರಸಿಂಹ ಜೀವನವಿಡೀ ತೀರಿಸಿದ. ಕೃಷ್ಣನಿಗಾಗಿ ಗುರ್ಜರ ದೇಶದವರೆಗೂ ದಂಡೆತ್ತಿದ. ನೆರೆಯ ಪುಟ್ಟ ರಾಜ್ಯವಾದ ನೊಳಂಬವಾಡಿಯನ್ನು ಮುರಿದು 'ನೊಳಂಬಕುಲಾಂತಕ'ನಾದ. ತನ್ನಂತೆಯೇ ನಡುವೆ ಸಿಕ್ಕವರನ್ನು ತುಳಿದು ಪಡೆದ ಈ ಬಿರುದು ನನಗೆ ಹಿತವೆನಿಸುವುದಿಲ್ಲ. 972ರಲ್ಲಿ ಪರಮಾರ ಸೀಯಕ ಮಳಖೇಡವನ್ನು ಸೂರೆಮಾಡಿದ. ಮರುವರ್ಷ ಚಾಲುಕ್ಯ ತೈಲಪ ರಾಷ್ಟ್ರಕೂಟರ ಆಳ್ವಿಕೆಯನ್ನು ಮುಗಿಸಿದ. ಸೋದರಳಿಯ ನಾಲ್ಕನೆಯ ಇಂದ್ರನಿಗೆ ಪಟ್ಟ ಕಟ್ಟಿ ಆ ವಂಶವನ್ನು ನಿಲ್ಲಿಸಲು ಮಾರಸಿಂಹ ಯತ್ನಿಸಿದ, ಫಲಿಸಲಿಲ್ಲ. ಬಂಕಾಪುರದಲ್ಲಿ ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟ. ಇಂದ್ರನೂ 982ರಲ್ಲಿ ಶ್ರವಣಬೆಳಗೊಳದಲ್ಲಿ ಹಾಗೆಯೇ ತೀರಿಕೊಂಡ. ಗಂಗರ ಮಂತ್ರಿ ಚಾವುಂಡರಾಯ ಗೊಮ್ಮಟನನ್ನು ನಿಲ್ಲಿಸಿದ್ದು ಇದೇ ಸಂಧಿಕಾಲದಲ್ಲಿ.

ಕಾಯುವವರು ಹೋದರು, ವೈರಿ ಮಾತ್ರ ಉಳಿದ. ರಾಷ್ಟ್ರಕೂಟರ ಪಕ್ಷ ಹಿಡಿದಿದ್ದ ಗಂಗರು ತೈಲಪನಿಗೂ ಬೇಕಾದವರಲ್ಲ. ಗಂಗ ಪಾಂಚಾಲದೇವ ಅವನೆದುರು ಹೋರಾಡಿ ಮಡಿದ. ರಾಜಾದಿತ್ಯ ಬಿದ್ದ ಮೇಲೆ ಕುಗ್ಗಿದ್ದ ಚೋಳರು ರಾಜರಾಜನ ಕಾಲಕ್ಕೆ ಮತ್ತೆ ಮೈದುಂಬಿದ್ದರು. ತಕ್ಕೋಲದ ಕಾಳಗವಾಗಿ ಸುಮಾರು ಐವತ್ತೈದು ವರ್ಷಕ್ಕೆ, ಎಂದರೆ 1004ರ ಸುಮಾರಿಗೆ, ಚೋಳ ಸೇನೆ ತಲಕಾಡನ್ನು ಹಿಡಿಯಿತು. ಊರಿನ ಹೆಸರು ರಾಜರಾಜಪುರವೆಂದಾಯಿತು. ಆಮೇಲೆಯೂ ಕಲ್ಯಾಣದ ಚಾಲುಕ್ಯರಿಗೂ ಚೋಳರಿಗೂ ಯುದ್ಧ ನಿಲ್ಲಲಿಲ್ಲ; ಗಂಗರು ಮಾತ್ರ ಅದರಲ್ಲಿ ಒಂದು ಪಕ್ಷವಾಗಿ ಉಳಿದಿರಲಿಲ್ಲ. ಶತಮಾನಕ್ಕೂ ಹೆಚ್ಚು ಕಾಲ ಕಳೆದು, 1116ರ ಸುಮಾರಿನಲ್ಲಿ ಚೋಳರಿಂದ ಅದನ್ನು ಗೆದ್ದು 'ತಲಕಾಡುಗೊಂಡ'ನೆನಿಸಿದವನು ಹೊಯ್ಸಳ ವಿಷ್ಣುವರ್ಧನ.