ವಿದ್ಯಾಪೀಠವೂ ನೆರೆಕೇರಿಯೂ

ಡಾಕ್ಟರ್ ಅಂಬೇಡ್ಕರರು 1913ನೆಯ ಇಸವಿಯಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನವನ್ನು ಪಡೆದು ವ್ಯಾಸಂಗಕ್ಕೆಂದು ಹೋದದ್ದು ನ್ಯೂಯಾರ್ಕ್ ನಗರದ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಎಂಬುದು ವಾಚಕರಿಗೆ ವಿದಿತವೇ ಆಗಿದೆ. ಸ್ವದೇಶದಲ್ಲಿ ಕುಡಿಯುವ ನೀರನ್ನೂ ಮುಟ್ಟಗೊಡದಿದ್ದ ಜನರ ನಡುವಿನಿಂದ ಹೊರಟ ಆ ತರುಣನಿಗೆ ಸರಿಸಮನಾಗಿ ಕುಳಿತು ಓದುವ ಅವಕಾಶವನ್ನಿತ್ತ ಸಂಸ್ಥೆಯದು. ಆದಕಾರಣ ಅದರ ವಿಷಯದಲ್ಲಿ ನಮಗೆ ಗೌರವವಿರುವುದು ಸಹಜವೇ. ಆದರೆ ಅದೇ ಸಂಸ್ಥೆಯು ತನ್ನ ಮಗ್ಗುಲಿನಲ್ಲಿ ವಾಸವಾಗಿದ್ದ ಬಡಜನರ ಕೇರಿಯೊಡನೆ ಹೇಗೆ ನಡೆದುಕೊಂಡಿತೆಂಬ ವೃತ್ತಾಂತವು ನಮ್ಮಲ್ಲಿ ಅಷ್ಟಾಗಿ ಪ್ರಚುರವಾಗಿಲ್ಲ.

ಈ ವಿದ್ಯಾಪೀಠವು 1754ರಲ್ಲಿ ಆಂಗ್ಲ ದೊರೆಯಾದ ಎರಡನೆಯ ಜಾರ್ಜನ ಸನ್ನದಿನಿಂದ ‘ಕಿಂಗ್ಸ್ ಕಾಲೇಜು’ ಎಂಬ ಹೆಸರಿನಲ್ಲಿ ಹುಟ್ಟಿತು. ಅಮೆರಿಕವು ಸ್ವತಂತ್ರವಾದ ಮೇಲೆ ದೊರೆಯ ಹೆಸರು ಉಳಿಯುವುದುಂಟೇ? 1784ರಲ್ಲಿ ಅದು ‘ಕೊಲಂಬಿಯಾ’ ಆಯಿತು. ಅದು ಸರ್ಕಾರದ ಕಾಲೇಜಲ್ಲ. ತನ್ನದೇ ಆದ ಧರ್ಮದರ್ಶಿ ಮಂಡಲಿಯ ಆಡಳಿತಕ್ಕೊಳಪಟ್ಟ ಖಾಸಗಿ ಸಂಸ್ಥೆ. ಮೊದಲು ಅದಿದ್ದ ಸ್ಥಳವು ನಗರದ ದಕ್ಷಿಣ ತುದಿ. ಅಲ್ಲಿ ವರ್ತಕರ ಸಂದಣಿಯು ಹೆಚ್ಚಲಾಗಿ 1857ರಲ್ಲಿ ಉತ್ತರಕ್ಕೆ, ಮ್ಯಾಡಿಸನ್ ಬೀದಿಗೆ, ಸರಿಯಿತು. ಅಲ್ಲಿಯೂ ಇಕ್ಕಟ್ಟಾಗಲು, ಅಧ್ಯಕ್ಷರಾದ ಸೆತ್ ಲೋ ಅವರ ಕಾಲದಲ್ಲಿ ಮಾರ್ನಿಂಗ್‌ಸೈಡ್ ಎಂಬ ದಿಬ್ಬದ ಮೇಲಿದ್ದ ಹುಚ್ಚರ ಆಸ್ಪತ್ರೆಯ ನಿವೇಶನವನ್ನು ಕೊಂಡು, 1897ರಲ್ಲಿ ಅಲ್ಲಿ ನೆಲೆನಿಂತಿತು. ಇಲ್ಲಿಯವರೆಗೆ ಊರು ಒತ್ತಿ ಬಂದಾಗಲೆಲ್ಲ ವಿದ್ಯಾಪೀಠವೇ ಗಂಟುಮೂಟೆ ಕಟ್ಟಿ ದಾರಿಬಿಟ್ಟುಕೊಟ್ಟಿತು. ದಿಬ್ಬವನ್ನೇರಿದ ಮೇಲೆ ಈ ಕ್ರಮವು ತಿರುಗುಮುರುಗಾಯಿತು.

ದಿಬ್ಬದ ಪಶ್ಚಿಮಕ್ಕೆ ಹಡ್ಸನ್ ನದಿ. ಪೂರ್ವಕ್ಕೆ ಕಡಿದಾದ ಬಂಡೆಯ ಇಳಿಜಾರು, ಅದರ ಮೇಲೆ ಸುಮಾರು 30 ಎಕರೆಗಳ ಸಾರ್ವಜನಿಕ ಉದ್ಯಾನ. ಉದ್ಯಾನದ ಕೆಳಗೆ ಹಾರ್ಲೆಮ್. ದಕ್ಷಿಣ ಸಂಸ್ಥಾನಗಳ ವರ್ಣದ್ವೇಷವನ್ನು ತಾಳಲಾರದೆ ಬಂದ ಆಫ್ರಿಕಾ ಮೂಲದ ಜನರು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಆ ಕೇರಿಯಲ್ಲಿ ತುಂಬಿಕೊಂಡರು. ಸಂಗೀತ ಸಾಹಿತ್ಯಗಳಿಗೆ ಲೋಕಪ್ರಸಿದ್ಧವಾದ ಕೇರಿಯದು, ದಾರಿದ್ರ್ಯಕ್ಕೂ ಅಷ್ಟೇ. 1947ರಲ್ಲಿ ದಿಬ್ಬದ ಮೇಲಣ ವಿದ್ಯಾಸಂಸ್ಥೆಗಳೂ ಧರ್ಮಸಂಸ್ಥೆಗಳೂ ಡೇವಿಡ್ ರಾಕೆಫೆಲರರ ಅಧ್ಯಕ್ಷತೆಯಲ್ಲಿ ಒಂದು ಸಂಘವನ್ನು ಕಟ್ಟಿಕೊಂಡು ‘ನೆರೆಹೊರೆಯ ಸುಧಾರಣೆ’ಗೆ ತೊಡಗಿದುವು. 1960ರ ದಶಕದಲ್ಲಿ ಕೊಲಂಬಿಯಾವು ಸುತ್ತಲಿನ ನೂರಕ್ಕೂ ಮಿಕ್ಕ ಕಟ್ಟಡಗಳನ್ನು ಕ್ರಯಕ್ಕೆ ಪಡೆಯಿತು. ಒಂಟಿ ಕೊಠಡಿಗಳಲ್ಲಿ ಬಾಡಿಗೆಗಿದ್ದ ಬಡವರು ಸಹಸ್ರಾರು ಸಂಖ್ಯೆಯಲ್ಲಿ ಜಾಗ ಖಾಲಿಮಾಡಬೇಕಾಯಿತು. ಕಳ್ಳಕಾಕರ ಭಯದಿಂದ ಅಧ್ಯಾಪಕರು ಅಲ್ಲಿ ನಿಲ್ಲರೆಂದು ಸಂಸ್ಥೆಯವರು ಹೇಳುತ್ತಿದ್ದರು. ಆ ಭಯವು ಸುಳ್ಳೆಂದು ನಾನು ಹೇಳಲಾರೆ. ಆದರೆ ಕಳ್ಳನೂ, ಕಳ್ಳನಿಗೆ ಹೆದರಿ ಬಾಗಿಲಿಕ್ಕಿಕೊಳ್ಳುವ ಮುದುಕಿಯೂ ಒಂದೇ ನೋಟೀಸಿನಿಂದ ಹೊರಬಿದ್ದುದು ಯಾವ ನ್ಯಾಯ?

ಹೊಗೆಯಾಡುತ್ತಿದ್ದ ಈ ಅಸಮಾಧಾನವು ಉರಿಯಾದದ್ದು ಒಂದು ವ್ಯಾಯಾಮಶಾಲೆಯ ದೆಸೆಯಿಂದ. ಮೇಲೆ ಹೇಳಿದ ಉದ್ಯಾನದಲ್ಲಿ ಎರಡು ಎಕರೆಗೆ ತುಸು ಹೆಚ್ಚಾದ ನೆಲವನ್ನು 1961ರಲ್ಲಿ ನಗರಾಡಳಿತವು ವರ್ಷಕ್ಕೆ 3,000 ಡಾಲರುಗಳ ಬಾಡಿಗೆಗೆ ವಿದ್ಯಾಪೀಠಕ್ಕೆ ಗುತ್ತಿಗೆ ಕೊಟ್ಟಿತು. ಉದ್ಯಾನವು ಸರ್ವರ ಸ್ವತ್ತು. ಕಟ್ಟಡದಲ್ಲಿ ನೆರೆಯವರಿಗೆ ಮೊದಲ ನಕ್ಷೆಯಂತೆ ದೊರೆಯತಕ್ಕುದು ನೂರಕ್ಕೆ ಸುಮಾರು 12 ಭಾಗ. ಅದಕ್ಕಿಂತಲೂ ಮನಸ್ಸನ್ನು ನೋಯಿಸಿದ್ದು ಬಾಗಿಲುಗಳ ವಿಷಯ. ಇಳಿಜಾರಿನ ಮೇಲೆ ನಿಲ್ಲುವ ಕಟ್ಟಡವಾದುದರಿಂದ ವಿದ್ಯಾರ್ಥಿಗಳಿಗೆ ದಿಬ್ಬದ ಕಡೆಯಿಂದ ಮೇಲಿನ ಬಾಗಿಲು, ಹಾರ್ಲೆಮಿನವರಿಗೆ ತಗ್ಗಿನ ಕಡೆಯಿಂದ ಕೆಳಗಿನ ಬಾಗಿಲು. ಶಿಲ್ಪಿಯು ನೆಲದ ಏರಿಳಿತವನ್ನು ಮಾತ್ರವೇ ನೋಡಿದ್ದಿರಬಹುದು. ಆದರೆ ಕೆಳಗಿನ ಜನರು ದಕ್ಷಿಣ ಸಂಸ್ಥಾನಗಳಲ್ಲಿ ತಮ್ಮ ಹಿರಿಯರನ್ನು ಹಿಂಬಾಗಿಲಿಗೆ ಕಳುಹಿಸುತ್ತಿದ್ದ ‘ಜಿಮ್ ಕ್ರೋ’ ಕಟ್ಟಳೆಗಳನ್ನು ಮರೆತಿರಲಿಲ್ಲ. ವ್ಯಾಯಾಮಶಾಲೆಗೂ ಅಲ್ಲಿ ‘ಜಿಮ್’ ಎಂದೇ ಹೆಸರು. ಬರಹ ಬೇರೆಯಾದರೂ ಉಚ್ಚಾರಣೆ ಒಂದೇ ಆದುದರಿಂದ, ಈ ಕಟ್ಟಡಕ್ಕೂ ‘ಜಿಮ್ ಕ್ರೋ’ ಎಂಬ ಅಡ್ಡಹೆಸರು ಅಂಟಿಕೊಂಡಿತು. ಅಗ್ರಹಾರಕ್ಕೊಂದು ದಾರಿ, ಹೊಲಗೇರಿಗೊಂದು ದಾರಿಯನ್ನು ಬಾಲ್ಯದಲ್ಲಿ ಕಂಡ ನನ್ನಂಥವನಿಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

1968ರ ಫೆಬ್ರವರಿಯಲ್ಲಿ ನೆಲ ಅಗೆಯುವ ಕೆಲಸ ಮೊದಲಾಯಿತು. ಏಪ್ರಿಲ್ 23ರಂದು ವಿದ್ಯಾರ್ಥಿಗಳೇ ಗುಂಪುಗೂಡಿ ಹೋಗಿ ಅಲ್ಲಿಯ ಬೇಲಿಯನ್ನು ಕಿತ್ತರು. ಬಳಿಕ ವಿದ್ಯಾಪೀಠದ ಐದು ಕಟ್ಟಡಗಳನ್ನು ಹಿಡಿದು ಕುಳಿತರು. ವಿಯೆಟ್ನಾಂ ಯುದ್ಧಕ್ಕೆ ಸಂಬಂಧಿಸಿದ ಸಂಶೋಧನೆಯೊಡನೆ ಸಂಸ್ಥೆಗಿದ್ದ ನಂಟು ಅವರ ಕೋಪಕ್ಕೆ ಇನ್ನೊಂದು ಕಾರಣ. 30ರಂದು ಬೆಳಗಾಗುವ ಮುನ್ನ ಪೋಲೀಸರು ಒಳನುಗ್ಗಿ ಸುಮಾರು 700 ಮಂದಿಯನ್ನು ಸೆರೆಹಿಡಿದರು. ಅಧ್ಯಕ್ಷರಾದ ಗ್ರೇಸನ್ ಕರ್ಕ್ ಅವರು ಅದೇ ವರ್ಷ ಅಧಿಕಾರವನ್ನು ಬಿಟ್ಟರು. ಉದ್ಯಾನದ ಕಟ್ಟೋಣವು ನಿಂತೇಹೋಯಿತು. ಮುಂದೆ ವ್ಯಾಯಾಮಶಾಲೆಯನ್ನು ತಮ್ಮ ಅಂಗಳದ ನೆಲದಡಿಯಲ್ಲಿಯೇ ಕಟ್ಟಿಕೊಂಡರು. ತಮ್ಮ ಅಂಗಳದಲ್ಲಿ ಸ್ಥಳವಿತ್ತೆಂಬುದು ಆಗ ಹೊಳೆಯಿತೆನ್ನಬೇಕು! ಅಗೆದ ಹಳ್ಳವು ಮಾತ್ರ ಇಪ್ಪತ್ತು ವರ್ಷ ಹಾಗೆಯೇ ಬಿದ್ದಿದ್ದು, ತರುವಾಯ ಕೊಳವೂ ಜಲಪಾತವೂ ಆಯಿತು.

ಎರಡನೆಯ ಅಧ್ಯಾಯವು 2003ರಲ್ಲಿ ತೆರೆಯಿತು. ಉತ್ತರಕ್ಕಿರುವ ಮ್ಯಾನ್‌ಹಟನ್‌ವಿಲ್ ಎಂಬಲ್ಲಿ 17 ಎಕರೆಗಳಲ್ಲಿ ನೂತನ ವಿದ್ಯಾನಗರವನ್ನು ನಿರ್ಮಿಸುವ ಸಂಕಲ್ಪವನ್ನು ಅಧ್ಯಕ್ಷರಾದ ಲೀ ಬೊಲಿಂಜರ್ ಅವರು ಪ್ರಕಟಿಸಿದರು. ಈ ಸಲ ನೆರೆಯವರನ್ನು ಕೇಳದೆ ಬಿಡಲಿಲ್ಲ. ಸಭೆಗಳು ನೆರೆದುವು, ಅಹವಾಲುಗಳು ದಾಖಲಾದುವು. ಆ ವಿಭಾಗದ ಪೌರಮಂಡಲಿಯು ತಾನೇ ಬೇರೊಂದು ಯೋಜನೆಯನ್ನು ಸಿದ್ಧಪಡಿಸಿ, 2007ರಲ್ಲಿ ಬಹುದೊಡ್ಡ ಬಹುಮತದಿಂದ ವಿದ್ಯಾಪೀಠದ ಯೋಜನೆಯನ್ನು ತಿರಸ್ಕರಿಸಿತು. ಆದರೆ ಆ ಮತವು ಸಲಹಾರೂಪದ್ದು. ಅದೇ ಡಿಸೆಂಬರಿನಲ್ಲಿ ನಗರಸಭೆಯು ಒಪ್ಪಿಗೆಯಿತ್ತಿತು. ವಾಸದ ಮನೆಗಳನ್ನು ಬಲವಂತದಿಂದ ತೆಗೆದುಕೊಳ್ಳುವುದಿಲ್ಲವೆಂದು ವಿದ್ಯಾಪೀಠವು ಮಾತುಕೊಟ್ಟಿತು; ಮಳಿಗೆ ಕಾರ್ಖಾನೆಗಳಿಗೆ ಆ ಅಭಯವಿರಲಿಲ್ಲ. ಆ ಪ್ರದೇಶವು ‘ಹಾಳುಬಿದ್ದದ್ದು’ ಎಂದು ಸಂಸ್ಥಾನದ ಅಭಿವೃದ್ಧಿ ನಿಗಮವು 2008ರಲ್ಲಿ ಸಾರಿ ಭೂಸ್ವಾಧೀನಕ್ಕೆ ಮುಂದಾಯಿತು. ಸರಕು ದಾಸ್ತಾನಿನ ಮಳಿಗೆಗಳ ಒಡೆಯನೊಬ್ಬನೂ ಪೆಟ್ರೋಲ್ ಬಂಕುಗಳನ್ನಿಟ್ಟುಕೊಂಡಿದ್ದ ಸಿಖ್ ದಂಪತಿಗಳೂ ನ್ಯಾಯಸ್ಥಾನದ ಮೆಟ್ಟಿಲೇರಿದರು. ಹಾಳುಬೀಳಿಸಿದವರು ಯಾರೆಂಬುದೇ ಅವರ ಪ್ರಶ್ನೆ. ಕಟ್ಟಡಗಳನ್ನು ಕೊಂಡು ಬರಿದುಮಾಡಿಸಿದ್ದು ವಿದ್ಯಾಪೀಠ. ಬರಿದಾಗಿರುವುದೇ ಹಾಳೆಂಬುದಕ್ಕೆ ಸಾಕ್ಷಿ. ಪರೀಕ್ಷಿಸಿ ವರದಿಯಿತ್ತ ಸಲಹೆಗಾರರಾದರೋ ಮೊದಲು ವಿದ್ಯಾಪೀಠದ ಕೆಲಸವನ್ನೂ ಮಾಡಿಕೊಟ್ಟವರು. 2009ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಪೀಠವು ಮೂವರಿಗೆ ಇಬ್ಬರಂತೆ ಈ ವಾದವನ್ನು ಎತ್ತಿಹಿಡಿಯಿತು. 2010ರ ಜೂನಿನಲ್ಲಿ ಸಂಸ್ಥಾನದ ಅತ್ಯುನ್ನತ ನ್ಯಾಯಸ್ಥಾನವು ಆ ತೀರ್ಪನ್ನು ರದ್ದುಮಾಡಿತು. ರಾಷ್ಟ್ರದ ಸರ್ವೋಚ್ಚ ನ್ಯಾಯಾಲಯವು ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ.

ಇದನ್ನು ಓದಿದಾಗ ನನಗೆ ಪಾಠಶಾಲೆಯಲ್ಲಿ ಓದಿದ ಮಿತಾಕ್ಷರೆಯು ನೆನಪಾಯಿತು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಬರೆದ ಆ ವ್ಯಾಖ್ಯಾನದಲ್ಲಿ, ಭೂಮಿಯು ಕೈಬದಲಾಗುವುದಕ್ಕೆ ಬೇಕಾದ ಆರು ಅಂಗಗಳನ್ನು ಹೇಳುವ ಪ್ರಾಚೀನ ವಚನವೊಂದರ ವಿಚಾರವಿದೆ. ಆ ಆರರಲ್ಲಿ ‘ಸಾಮಂತ’ರ ಅನುಮತಿಯೂ ಒಂದು. ಸಾಮಂತನೆಂದರೆ ಇಲ್ಲಿ ಮಾಂಡಲಿಕನಲ್ಲ, ನೆರೆಹೊಲದವನು. ಈ ಅನುಮತಿಯು ಮುಂದೆ ಎಲ್ಲೆಯ ವ್ಯಾಜ್ಯ ಬಾರದಿರಲೆಂದೇ ಹೊರತು, ಅದಿಲ್ಲದಿದ್ದರೆ ಕ್ರಯವೇ ಅಸಿದ್ಧವೆಂದಲ್ಲ ಎಂದು ವಿಜ್ಞಾನೇಶ್ವರನ ನಿರ್ಣಯ. ಅಂದರೆ ಕೊಲಂಬಿಯಾದ ವಕೀಲರಿಗೆ ಅವನೂ ಅಡ್ಡಬರುತ್ತಿರಲಿಲ್ಲ. ಆದರೂ ನೆರೆಯವನನ್ನು ಕೇಳುವುದನ್ನು ಅವನು ವ್ಯರ್ಥವೆಂದೆಣಿಸಲಿಲ್ಲ.

ವ್ಯಾಜ್ಯವಿನ್ನೂ ನಡೆಯುತ್ತಿದ್ದಾಗಲೇ, 2009ರ ಮೇ ತಿಂಗಳಲ್ಲಿ, ವಿದ್ಯಾಪೀಠವು ಪಶ್ಚಿಮ ಹಾರ್ಲೆಮಿನವರಿಗೆ 15 ಕೋಟಿ ಡಾಲರುಗಳ ಪ್ರಯೋಜನಗಳನ್ನು ಕೊಡುವುದಾಗಿ ಕರಾರು ಬರೆದುಕೊಟ್ಟಿತು. ಅದರಲ್ಲಿ ಮೂರು ಕೋಟಿ ಆ ಕೇರಿಯ ಮಕ್ಕಳಿಗೊಂದು ಶಾಲೆಯನ್ನು ನಡೆಸುವ ಬಾಬ್ತು. ಕೊಲಂಬಿಯಾದ ಅಂಗವಾದ ಟೀಚರ್ಸ್ ಕಾಲೇಜಿನ ಆಶ್ರಯದಲ್ಲಿ ಆ ಶಾಲೆಯು 2011ರಲ್ಲಿ ಪುಟ್ಟ ಮಕ್ಕಳ ತರಗತಿಯಿಂದ ಆರಂಭವಾಯಿತು.